ಬೋಟ್ ಟಿಕೆಟ್ 50ರಿಂದ 60 ರೂಪಾಯಿ ಯಾಕಾಯಿತು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯರೇ,

ಈ ತಿಂಗಳಿನಿಂದ ಅರ್ಧ ಗಂಟೆಯ ಪೆಡಲ್ ಬೋಟ್ ಟಿಕೆಟ್ 60 ರೂಪಾಯಿ ಆಗಿದೆ. ಕೌಂಟರ್ ಪಕ್ಕ ಬೈಕ್ ನಿಲ್ಲಿಸುತ್ತಿದ್ದ ಜಾಗ ಇನ್ನಿಲ್ಲ. ಚುರುಮುರಿ ಗಾಡಿ ತೂಬಿನ ಕಡೆ ಹೋಗಿದೆ. ವೀಲ್‌ಚೇರಿನಲ್ಲಿ ಬರುವವರೂ ಬೋಟ್ ಹತ್ತಲೆಂದು ರ್‍ಯಾಂಪು, ಅಂದರೆ ಇಳಿಜಾರು ದಾರಿ, ಕಟ್ಟಿಸಿದ್ದೇ ಇದಕ್ಕೆಲ್ಲ ಕಾರಣ. ಆ ಕೆಲಸಕ್ಕೆ ಮೊದಲು ಮೂರು ವಾರ ಬೋಟಿಂಗ್ ನಿಲ್ಲಿಸಿದ್ದೆವು. ಆಗ ಗೇಟಿನಲ್ಲಿ ಒಂದು ಬೋರ್ಡನ್ನೂ ಸರಿಯಾಗಿ ಹಾಕಲಿಲ್ಲ. ದಸರಾ ರಜೆಯಲ್ಲಿ ಮಕ್ಕಳನ್ನು ಕರೆತಂದು ಹಾಗೇ ವಾಪಸ್ ಹೋದವರಿದ್ದೀರಿ. ಅದು ನಮ್ಮ ತಪ್ಪು. ಕ್ಷಮಿಸಿ.

ಆದರೆ 'ಸರ್ಕಾರದ ದುಡ್ಡು ಬಂತು, ಸಂಘದವರು ತಿಂದರು' ಅನ್ನೋ ಮಾತಿಗೆ ಸುಮ್ನೆ ಇರಲು ಆಗುವುದಿಲ್ಲ. ಈ ಕೆಲಸಕ್ಕೆ ಒಂದು ರೂಪಾಯಿ ಅನುದಾನವೂ ಬಂದಿಲ್ಲ. ಲೆಕ್ಕದ ಪುಸ್ತಕ ಕೌಂಟರಿನಲ್ಲೇ ಇದೆ. ಯಾರು ಬೇಕಾದರೂ ಕೇಳಿ ನೋಡಬಹುದು.

ಕೆರೆ ಏರಿಯಿಂದ ಬೋಟ್ ಹತ್ತುವ ಕಟ್ಟೆಗೆ ಆರು ಮೆಟ್ಟಿಲು, ಅಂದರೆ 3 ಅಡಿ. ವೀಲ್‌ಚೇರ್ ಇಳಿಯುವ ರ್‍ಯಾಂಪಿಗೆ 1ಕ್ಕೆ 12ರ ಲೆಕ್ಕ. ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಬೇಕು. ನಮಗೆ 36 ಅಡಿ, ಜೊತೆಗೆ ಮಧ್ಯದಲ್ಲಿ ತಿರುಗಲು 5 ಅಡಿ ಸಮತಟ್ಟು ಜಾಗ. ಬೈಕ್ ಸ್ಟ್ಯಾಂಡ್ ಬಿಟ್ಟರೆ ಅಷ್ಟು ಜಾಗ ಬೇರೆಲ್ಲೂ ಇರಲಿಲ್ಲ.

ಮೊದಲು ಮೇಸ್ತ್ರಿ 18 ಅಡಿಯಲ್ಲೇ ಮುಗಿಸಿ, 'ಇಷ್ಟು ಸಾಕು' ಅಂದರು. ನಾವೂ ತಲೆಯಾಡಿಸಿದೆವು. ಆಮೇಲೆ ಒಂದು ವೀಲ್‌ಚೇರ್ ಎರವಲು ತಂದು ನಮ್ಮ ಸದಸ್ಯರನ್ನೇ ಕೂರಿಸಿದೆವು. ಕುರ್ಚಿ ಕೈ ಮೀರಿ ಓಡಿ ಕಂಬಿಗೆ ಬಡಿಯಿತು. ಮೇಲೆ ತಳ್ಳಲು ಇಬ್ಬರು ಏದುಸಿರು ಬಿಟ್ಟರು. ಪೂರ್ತಿ ಒಡೆಸಿ ಮತ್ತೆ ಕಟ್ಟಿಸಿದೆವು. ಹಾಗೆ ಹಾಳಾದ 70,000 ರೂಪಾಯಿಯನ್ನು ನಿಮ್ಮ ಟಿಕೆಟ್ ಮೇಲೆ ಹಾಕಿಲ್ಲ. ಸದಸ್ಯರೆಲ್ಲ ಈ ವರ್ಷದ ಲಾಭಾಂಶ ಬಿಟ್ಟುಕೊಟ್ಟು ತುಂಬಿದ್ದೇವೆ. ಹತ್ತು ರೂಪಾಯಿ ಏರಿದ್ದು ಎರಡನೇ ರ್‍ಯಾಂಪು, ಎರಡು ಎತ್ತರದಲ್ಲಿ ಹಾಕಿದ ಸ್ಟೀಲ್ ಕೈಹಿಡಿ ಕಂಬಿ ಮತ್ತು ನೀರಿನ ಮಟ್ಟದ ಜೊತೆ ಏರಿಳಿಯುವ ತೇಲುಕಟ್ಟೆಗೆ.

ಎಲ್ಲಕ್ಕಿಂತ ಜಾಸ್ತಿ ಕೇಳಿದ ಮಾತು ಒಂದಿದೆ. 'ತಿಂಗಳಿಗೆ ಇಬ್ಬರೋ ಮೂವರೋ ಬರುತ್ತಾರೆ. ನಾಲ್ಕು ಜನ ಹುಡುಗರು ಎತ್ತಿ ಕೂರಿಸಿದರೆ ಆಗೋದಿಲ್ವಾ?' ಕೇಳಿದವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದೀರಿ. ನಾವೂ ಇಷ್ಟು ವರ್ಷ ಹಾಗೇ ಮಾಡಿದ್ದು. ನಮ್ಮ ಹುಡುಗರು ಯಾವತ್ತೂ ಮುಖ ಸಿಂಡರಿಸಿಲ್ಲ, ಅದು ನಮಗೆ ಹೆಮ್ಮೆಯೇ.

ಹೋದ ಬೇಸಿಗೆಯಲ್ಲಿ ಒಬ್ಬರು ಟೀಚರ್ ವೀಲ್‌ಚೇರಿನಲ್ಲಿ ಬಂದಿದ್ದರು. ಅವರ ಹಿಂದೆ ಅವರ ಶಾಲೆಯ ಮಕ್ಕಳ ಸಾಲು. ನಮ್ಮ ನಾಲ್ವರು ಕುರ್ಚಿ ಸಮೇತ ಎತ್ತಿದರು. ಮೂರನೇ ಮೆಟ್ಟಿಲಿನ ಪಾಚಿಯಲ್ಲಿ ಒಬ್ಬನ ಕಾಲು ಜಾರಿತು, ಕುರ್ಚಿ ಒಂದು ಕಡೆ ವಾಲಿತು. ಅವರು ಒಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದಿದ್ದರು, ಇನ್ನೊಂದರಲ್ಲಿ ನಮ್ಮ ಹುಡುಗನ ಕಾಲರ್. ಬೀಳಲಿಲ್ಲ. ಕೆಳಗಿಳಿಸಿದ ಮೇಲೆ, 'ಮಕ್ಕಳು ಹೋಗಿಬರಲಿ, ನಾನು ಇಲ್ಲೇ ಇರ್ತೀನಿ' ಅಂದರು. ಬೋಟ್ ಹತ್ತಲೇ ಇಲ್ಲ. ಟಿಕೆಟ್ ದುಡ್ಡು ವಾಪಸ್ ಕೊಡಲು ಹೋದರೆ ತಗೊಳ್ಳಲಿಲ್ಲ.

ಅವತ್ತು ಸಂಜೆಯೇ ಮೀಟಿಂಗ್ ಕರೆದೆವು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಮನರಂಜನೆಯೂ ಅವರ ಹಕ್ಕು ಅಂತ ಅದರಲ್ಲೇ ಇದೆ. ಇಷ್ಟು ವರ್ಷ ನಾವು ಅದನ್ನು ಓದಿಯೂ ಇರಲಿಲ್ಲ. ಆಮೇಲೆ ಇಬ್ಬರು ಬೆಂಗಳೂರಿನ ಕೋಲ್ಸ್ ಪಾರ್ಕಿಗೆ ಹೋಗಿ, ಅಂಗವೈಕಲ್ಯ ಇರುವ ಮಕ್ಕಳೂ ಉಳಿದ ಮಕ್ಕಳ ಜೊತೆ ಆಡಲೆಂದು ಮಾಡಿರುವ ಜಾಗ ನೋಡಿಬಂದರು.

ಇನ್ನೂ ಒಂದು ಕೊರತೆ ಉಳಿದಿದೆ. ಏಪ್ರಿಲ್, ಮೇನಲ್ಲಿ ನೀರು ತಳ ಸೇರಿದಾಗ ತೇಲುಕಟ್ಟೆಗೆ ಹೋಗುವ ಹಲಗೆ ಕಡಿದಾಗುತ್ತದೆ. ಆ ದಿನಗಳಲ್ಲಿ ವೀಲ್‌ಚೇರಿನಲ್ಲಿ ಬರುವವರು ಮೊದಲು ಫೋನ್ ಮಾಡಿ. ಇದ್ದದ್ದನ್ನು ಇದ್ದಹಾಗೆ ಹೇಳುತ್ತೇವೆ. ಅವರ ಜೊತೆಗೆ ಬರುವ ಒಬ್ಬರಿಗೆ ವರ್ಷವಿಡೀ ಟಿಕೆಟ್ ಬೇಕಿಲ್ಲ.

ಬೈಕುಗಳನ್ನು ದೇವಸ್ಥಾನದ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿ, ಎರಡು ನಿಮಿಷದ ನಡಿಗೆ. ರ್‍ಯಾಂಪಿನ ಬಾಯಿಗೆ ಮಾತ್ರ ದಯವಿಟ್ಟು ಅಡ್ಡ ಇಡಬೇಡಿ. ಹಳೇ ದರದ ಹತ್ತು ಟಿಕೆಟ್‌ನ ಪುಸ್ತಕ ಇರುವವರು ಹೆಚ್ಚು ದುಡ್ಡು ಕೊಡಬೇಕಿಲ್ಲ, ಯುಗಾದಿವರೆಗೂ ನಡೆಯುತ್ತದೆ. ಶಾಲಾ ಮಕ್ಕಳಿಗೆ ಮೊದಲಿನ ದರವೇ.

ಆ ಟೀಚರ್‌ಗೆ ಹೋದ ವಾರ ಫೋನ್ ಮಾಡಿದ್ದೆ. ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಬರುತ್ತೇನೆ ಅಂದಿದ್ದಾರೆ.

ನಿಮ್ಮ,
ಕಾರ್ಯದರ್ಶಿ, ಬೋಟಿಂಗ್ ಸಹಕಾರ ಸಂಘ