ಪರದೆ ತಾನಾಗಿ ಮಂಕಾದರೆ ಡಿಸ್‌ಪ್ಲೇ ಬದಲಿಸಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕೊಡಗಿನಲ್ಲಿ ಕರೆಂಟು ಕೈಕೊಡುವುದು ಮಾಮೂಲು. ಅದರ ಬೆನ್ನಿಗೇ ಲ್ಯಾಪ್‌ಟಾಪ್ ಪರದೆ ತಾನಾಗಿ ಮಂಕಾಗುತ್ತದೆಂಬ ದೂರು. ಬಹುಪಾಲು ಇದು ಸೆಟ್ಟಿಂಗ್ಸ್‌ನ ಕಾರುಬಾರು. ಹೊಸ ಡಿಸ್‌ಪ್ಲೇಗೆ ದುಡ್ಡು ಸುರಿಯುವ ಮುಂಚೆ ಹತ್ತು ನಿಮಿಷ ಪರೀಕ್ಷಿಸಿ.

ಯಾವಾಗ ಮಂಕಾಗುತ್ತದೆ ಎಂಬುದೇ ಮುಖ್ಯ ಸುಳಿವು. ಹೊರಗೆ ಮಂಜು ಕವಿದಾಗಲೋ? ಕ್ಯಾಮೆರಾ ಪಕ್ಕದ ಸಣ್ಣ ಚುಕ್ಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ. ಬೆಳಕು ಇಳಿದರೆ ಅದು ಲೈಟ್ ಸೆನ್ಸರ್‌ನ ಕೆಲಸ. ಬಿಳಿ ಪುಟದಿಂದ ಕಪ್ಪು ವಿಡಿಯೊಗೆ ಹೋದಾಗ ನಿಧಾನಕ್ಕೆ ಬದಲಾದರೆ ಕಾರಣ ಬೇರೆ, ಪರದೆಯಲ್ಲಿರುವುದನ್ನು ನೋಡಿ ಬ್ಯಾಟರಿ ಉಳಿಸುವ ವ್ಯವಸ್ಥೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿ. ಸೆನ್ಸರ್ ಇದ್ದರೆ ಅದರ ಟಿಕ್ ತೆಗೆಯಿರಿ. ಕಂಟೆಂಟ್ ಆಧಾರಿತ ಆಯ್ಕೆಯನ್ನು ಆಫ್ ಮಾಡಿ. ಕರೆಂಟು ಹೋದಾಗ ಮಾತ್ರ ಮಂಕಾದರೆ ಪವರ್ ಆ್ಯಂಡ್ ಬ್ಯಾಟರಿಯಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ನೋಡಿ.

ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ಅಸಲಿ ಕಳ್ಳ ಪರದೆಯ ಚಿತ್ರ ಮೂಡಿಸುವ ಚಿಪ್‌ನ ಗ್ರಾಫಿಕ್ಸ್ ಆ್ಯಪ್‌ನಲ್ಲೂ ಅಡಗಿರಬಹುದು: ಇಂಟೆಲ್ ಚಿಪ್ ಇದ್ದರೆ ಪವರ್ ವಿಭಾಗದ 'ಡಿಸ್‌ಪ್ಲೇ ಪವರ್ ಸೇವಿಂಗ್', ಎಎಂಡಿ ಆದರೆ 'ವೇರಿ-ಬ್ರೈಟ್'. ಆ ಚಿಪ್ ನಡೆಸುವ ಸಾಫ್ಟ್‌ವೇರ್ (ಡ್ರೈವರ್) ಅಪ್‌ಡೇಟ್ ಆದ ಮೇಲೆ ಇವು ಮತ್ತೆ ಆನ್ ಆಗುವುದುಂಟು.

ವಿಂಡೋಸ್ ಶುರುವಾಗುವ ಮುಂಚಿನ ಬಯೋಸ್ ಪರದೆಯಲ್ಲೂ ಬೆಳಕು ಕುಣಿದರೆ, ಅಥವಾ ಮುಚ್ಚಳ ಅಲುಗಿಸಿದಾಗ ಮಿನುಗಿದರೆ, ಹಿಂಜ್ (ಮುಚ್ಚಳದ ಕೀಲು) ಬಳಿ ಪರದೆಗೆ ಹೋಗುವ ಕೇಬಲ್ ಮೇಲೆ ಅನುಮಾನ ಪಡಿ. ಆಗ ರಿಪೇರಿ ಅಂಗಡಿಗೆ ಒಯ್ಯಿರಿ. ಅಲ್ಲೂ ಮೊದಲು ಕೇಬಲ್ ನೋಡಲು ಹೇಳಿ.

– ಲ್ಯಾಪ್‌ಟಾಪ್ ರಿಪೇರಿಗಾರರು, ಮಡಿಕೇರಿ