ಕೇಟಿ ಗೇಟು ದಾಟಿದಳು

ಕಳೆದ ಶನಿವಾರ ನಮ್ಮ ಕೇಟಿ ತನ್ನ ಸ್ವಂತ ಇಂಜಿನ್ ಬಲದಿಂದಲೇ ಶೆಡ್ಡಿನ ಗೇಟು ದಾಟಿದಳು. ವಿಡಿಯೋ ನೋಡಿ ತುಂಬಾ ಜನ ಖುಷಿಯಿಂದ ಬರೆದಿದ್ದೀರಿ. ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಇದು.

ಹೊಸಬರಿಗಾಗಿ ಎರಡು ಮಾತು. ಕೇಟಿ ಅಂದರೆ ಆಸ್ಟಿನ್ ಕೆ2 ಆಂಬುಲೆನ್ಸ್. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲೇ ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಡ್ಜ್ ಫ್ಯಾಕ್ಟರಿಯಲ್ಲಿ ಸುಮಾರು 13,000 ತಯಾರಾದವು. ಒಳಗೆ ನಾಲ್ಕು ಸ್ಟ್ರೆಚರ್ ಹಿಡಿಸುತ್ತವೆ, ಇಲ್ಲವೇ ಹತ್ತು ಜನ ಗಾಯಾಳುಗಳು ಕೂರಬಹುದು. ಡ್ರೈವರ್‌ಗೆ ಬಾಗಿಲೇ ಇಲ್ಲ, ಕ್ಯಾನ್ವಾಸ್ ಪರದೆ ಅಷ್ಟೇ. ಇಲ್ಲಿನ ಜನವರಿ ಚಳಿಯಲ್ಲಿ ಇದನ್ನು ಓಡಿಸಿದವರಿಗೆ ದೊಡ್ಡ ನಮಸ್ಕಾರ! 1945ರಲ್ಲಿ, ಇನ್ನೂ ರಾಜಕುಮಾರಿಯಾಗಿದ್ದ ಎಲಿಜಬೆತ್ ಸೇನೆ ಸೇರಿ ಗಾಡಿ ಓಡಿಸೋದು, ರಿಪೇರಿ ಮಾಡೋದು ಕಲಿತರಲ್ಲ, ಆಗಿನ ಫೋಟೋದಲ್ಲಿ ಅವರ ಹಿಂದಿರೋದೂ ಇಂಥದ್ದೇ ಗಾಡಿ.

ಬಾನೆಟ್ಟಿನ ಬಣ್ಣ ಪದರ ಪದರವಾಗಿ ಕೆರೆದು, ಅಡಿಯಲ್ಲಿದ್ದ 'ಎ' ಅಕ್ಷರದ ಸೇನಾ ನಂಬರ್ ಹುಡುಕಿಕೊಟ್ಟ ಗೆಳೆಯರು, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದವರು, ಸಾಲ ಕೊಟ್ಟು ಕೇಳದೆ ಇರುವವರು, ಭಾನುವಾರಗಳನ್ನು ಬಿಟ್ಟುಕೊಟ್ಟ ನನ್ನ ಹೆಂಡತಿ, ಬಿಸಿಬೇಳೆಬಾತ್ ಹೊತ್ತು ತಂದ ಕವೆಂಟ್ರಿ ಕನ್ನಡಿಗರು, ನಿಮಗೆಲ್ಲ ಥ್ಯಾಂಕ್ಸ್.

ಇನ್ನು ತಾತ. ಎದುರು ಮನೆಯ ಈ ಇಂಗ್ಲಿಷ್ ಬಡಗಿಯನ್ನು ನನ್ನ ಮಕ್ಕಳು ತಾತ ಎಂದೇ ಕರೆಯೋದು. ಈಗ ಅವರಿಗೂ ಅದೇ ಹೆಸರು ಅಭ್ಯಾಸವಾಗಿದೆ. ಕೆ2ನ ಹಿಂಭಾಗ ಮರದ ಚೌಕಟ್ಟಿನ ಮೇಲೆ ಕಟ್ಟಿದ್ದು. ನಮ್ಮದರಲ್ಲಿ ಅರ್ಧ ಮರ ಬೆರಳಿಗೇ ಪುಡಿಯಾಗುತ್ತಿತ್ತು. ತಾತ ಅದರಲ್ಲಿ ಒಂದು ಚೂರನ್ನೂ ಬಿಸಾಡಲು ಬಿಡಲಿಲ್ಲ. ಕೊಳೆತ ಪಟ್ಟಿಗಳನ್ನೇ ಅಳತೆಗೆ ಇಟ್ಟುಕೊಂಡು ಹೊಸ ಮರ ಕೊಯ್ದರು. ಅವರ ತಾಯಿ ಯುದ್ಧದ ಕಾಲದಲ್ಲಿ ಲಾಂಗ್‌ಬ್ರಿಡ್ಜ್‌ನಲ್ಲಿ ದುಡಿದವರು. ಕೂಲಿ ಮಾತೆತ್ತಿದರೆ ತಾತನಿಗೆ ಸಿಟ್ಟೇ ಬರುತ್ತಿತ್ತು.

ಆದರೆ ನಾನು ಋಣಿಯಾಗಿರೋದು ಮರಗೆಲಸಕ್ಕಲ್ಲ.

ನಮ್ಮಪ್ಪ ಹಾಸನದಲ್ಲಿ ಬಸ್ ಡಿಪೋ ಮೆಕ್ಯಾನಿಕ್ ಆಗಿದ್ದವರು. ಈ ಗಾಡಿಯ ಗೇರ್‌ಬಾಕ್ಸಿನಲ್ಲಿ ಸಿಂಕ್ರೊಮೆಶ್, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ, ಇಲ್ಲ ಅಂದಾಗ ವಿಡಿಯೋ ಕಾಲ್‌ನಲ್ಲಿ ಜೋರಾಗಿ ನಕ್ಕಿದ್ದರು. "ಡಬಲ್ ಕ್ಲಚ್ ಹೊಡೀಬೇಕು ಕಣೋ. ಒತ್ತು, ನ್ಯೂಟ್ರಲ್‌ಗೆ ತಾ, ಬಿಡು, ಮತ್ತೆ ಒತ್ತು. ಗೇರು ಇಳಿಸುವಾಗ ಮಧ್ಯೆ ಸ್ವಲ್ಪ ರೇಸ್ ಕೊಡು." ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಾಳಿಯಲ್ಲೇ ಕಾಲಾಡಿಸಿ ತೋರಿಸಿದ್ದರು.

ಅವರು ತೀರಿಕೊಂಡ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ಆ ರಾತ್ರಿ ಫೋನ್ ಬಂದಾಗ ಹೆಂಡತಿ, ಮಕ್ಕಳು ಊರಿನಲ್ಲಿದ್ದರು. ನನಗೆ ವಿಮಾನ ಮರುದಿನಕ್ಕೇ ಸಿಕ್ಕಿದ್ದು. ಮನೆಯಲ್ಲಿ ಕೂರಲಾಗದೆ ಶೆಡ್ಡಿಗೆ ಹೋದೆ. ದೀಪ ಕಂಡು ತಾತ ಕೋಟು ಹಾಕಿಕೊಂಡು ಬಂದರು. ವಿಷಯ ಕೇಳಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹಿಂಬಾಗಿಲಿನ ಒಂದು ಪಟ್ಟಿ ನನ್ನ ಮುಂದಿಟ್ಟು, ಕೈಗೆ ಉಪ್ಪುಕಾಗದ ಕೊಟ್ಟರು. ಇನ್ನೊಂದು ಪಟ್ಟಿ ತಾವು ತೆಗೆದುಕೊಂಡರು. ಇಬ್ಬರೂ ಉಜ್ಜುತ್ತಾ ಕೂತೆವು.

ನಡುರಾತ್ರಿ ಯಾವಾಗಲೋ ನಾನು ಉಪ್ಪುಕಾಗದ ಎಸೆದು ಕೂಗಾಡಿದೆ. ಯಾರಿಗೆ ಬೇಕು ಈ ಗುಜರಿ? ಯಾವ ಕಾಲದ್ದೋ, ಯಾರನ್ನೋ ಆಸ್ಪತ್ರೆಗೆ ಹೊತ್ತ ಗಾಡಿಗೆ ಬಣ್ಣ ಹಚ್ಚುತ್ತಾ ಕೂತಿದ್ದೇನೆ. ಅಲ್ಲಿ ನನ್ನಪ್ಪನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಕೈ ಹಿಡಿಯೋಕೆ ನಾನಿರಲಿಲ್ಲ. ಎಲ್ಲವನ್ನೂ ಕನ್ನಡದಲ್ಲೇ ಕೂಗಿದ್ದೆ. ತಾತ ಪೂರ್ತಿ ಕೇಳಿಸಿಕೊಂಡರು. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಬೆಳಗಿನ ಜಾವ ಮಗನನ್ನು ಎಬ್ಬಿಸಿ ಕಾರು ತರಿಸಿದರು, ಹೀಥ್ರೂವರೆಗೂ ಹಿಂದಿನ ಸೀಟಿನಲ್ಲಿ ನನ್ನ ಪಕ್ಕವೇ ಕೂತು ಬಂದರು.

ಕಾರ್ಯ ಮುಗಿಸಿ ವಾಪಸ್ ಬಂದಾಗ ಹಿಂಭಾಗದ ಚೌಕಟ್ಟು ಹೆಚ್ಚುಕಮ್ಮಿ ಎದ್ದು ನಿಂತಿತ್ತು. ನಾನು ಅರ್ಧ ಉಜ್ಜಿದ್ದ ಪಟ್ಟಿಯನ್ನು ಮಾತ್ರ ತಾತ ಮುಟ್ಟಿರಲಿಲ್ಲ. "ಅದು ನಿನ್ನ ಕೆಲಸ" ಎಂದರು. ಆವತ್ತೇ ಮುಗಿಸಿದೆ.

ಶನಿವಾರ ನಾನೇ ಓಡಿಸಿದೆ, ತಾತ ಪಕ್ಕದಲ್ಲಿದ್ದರು. ಮೂರರಿಂದ ಎರಡಕ್ಕೆ ಇಳಿಸುವಾಗ ರೇಸ್ ಕೊಟ್ಟೆ. ಗೇರು ಸದ್ದಿಲ್ಲದೆ ಬಿತ್ತು ಅಪ್ಪ.

ವಿಡಿಯೋದಲ್ಲಿ ರೆಡ್ ಕ್ರಾಸ್ ಗುರುತಿನ ಮೇಲೆ ಬಟ್ಟೆ ಯಾಕೆ ಅಂತ ಕೇಳಿದ್ದೀರಿ. ಅದನ್ನು ಸುಮ್ನೆ ಅಂದಕ್ಕೆ ಹಾಕಿಕೊಳ್ಳುವಂತಿಲ್ಲ. 1957ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಇಲ್ಲಿ ರಕ್ಷಣಾ ಇಲಾಖೆಯ ಅನುಮತಿ ಬೇಕು. ಕೆಲವರಿಗೆ ಇದು ಕಿರಿಕಿರಿ. ನನಗೆ ಸರಿ ಅನ್ನಿಸುತ್ತದೆ. ಯುದ್ಧದಲ್ಲಿ ಆ ಗುರುತು ಕಂಡರೆ ಗುಂಡು ನಿಲ್ಲಬೇಕು, ಮೇಳದ ಗಾಡಿಗಳಿಗೆಲ್ಲ ಬಳಿದರೆ ಅದಕ್ಕೆ ಬೆಲೆ ಉಳಿಯುತ್ತಾ? ಅರ್ಜಿ ಹಾಕಿದ್ದೇವೆ, ಕಾಯುತ್ತೇವೆ.

ಮುಂದಿನ ಕೆಲಸ ವೈರಿಂಗ್. ಕೈ ಜೋಡಿಸುವವರು ಭಾನುವಾರ ಹತ್ತಕ್ಕೆ ಬನ್ನಿ. ಬರುವಾಗ ಕೋಡುಬಳೆ ತನ್ನಿ. ಹೋದ ಸಲದ ಡಬ್ಬಿಯನ್ನು ತಾತ ಆಗಲೇ ಖಾಲಿ ಮಾಡಿದ್ದಾರೆ.