ಊಹೆಯ ಚೀಟಿಗಳನ್ನು ಎಸೆಯಬೇಡ

ಪ್ರೀತಿಯ ತಂಗೀ,

ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಪತ್ತೇದಾರಿ ಕಾದಂಬರಿ ಓದುವವರ ಬಳಗ ಶುರುವಾಗಲಿದೆ, ನಡೆಸಿಕೊಡಲು ಗ್ರಂಥಪಾಲಕರು ನಿನ್ನನ್ನೇ ಕೇಳಿದ್ದಾರೆ ಎಂದು ಬರೆದಿದ್ದೀಯ. ಒಪ್ಪಿಕೋ, ಪತ್ತೇದಾರಿ ಕಾದಂಬರಿ ಬರೆಯುತ್ತಿರುವ ನಿನಗೇ ಇದರಿಂದ ಲಾಭ. ಸುಳಿವನ್ನು ಎಲ್ಲಿ ಇಟ್ಟೆವು ಅನ್ನುವುದು ಬರೆದವರಿಗೆ ಗೊತ್ತಿರುತ್ತದೆ. ಓದುವವರ ಕಣ್ಣು ಅದನ್ನು ಎಲ್ಲಿ ದಾಟಿಹೋಯಿತು ಅನ್ನುವುದು ಅವರು ಬಾಯಿಬಿಟ್ಟು ಹೇಳಿದಾಗಲೇ ತಿಳಿಯುವುದು. ಬಳಗವನ್ನು ನಡೆಸುವ ಕ್ರಮ ತಪ್ಪಿದರೆ ಆ ಮಾತು ಹೊರಗೇ ಬರುವುದಿಲ್ಲ.

ಮೊದಲ ತೊಡಕು ಪ್ರತಿಗಳದು. ಶಾಖಾ ಗ್ರಂಥಾಲಯದಲ್ಲಿ ಒಂದು ಕಾದಂಬರಿಯ ಒಂದೆರಡು ಪ್ರತಿಗಿಂತ ಹೆಚ್ಚು ಸಿಗುವುದು ಅಪರೂಪ. ಬಳಗದಲ್ಲಿ ಹತ್ತು ಜನ, ಒಬ್ಬೊಬ್ಬರಿಗೆ ಐದು ದಿನ ಎಂದರೆ ಒಂದೇ ಪ್ರತಿ ಸುತ್ತಿ ಬರಲು ಐವತ್ತು ದಿನ ಬೇಕು. ಅಷ್ಟರಲ್ಲಿ ಮೊದಲು ಓದಿದವರಿಗೆ ಪಾತ್ರಗಳ ಹೆಸರೇ ಮರೆತಿರುತ್ತದೆ. ಮೂರು ಪ್ರತಿ ಹೊಂದಿಸಲಾಗದ ಪುಸ್ತಕ ಬೇಡ, ಅದರ ಬದಲು ಸಣ್ಣಕತೆಯಿಂದ ಶುರು ಮಾಡು. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ನಮ್ಮ ದೇಶದಲ್ಲಿ ಕೃತಿಯ ಹಕ್ಕು ಮುಗಿಯುತ್ತದೆ. ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಹಾಗಾಗಿ ಅವರ ಷರ್ಲಾಕ್ ಹೋಮ್ಸ್ ಕತೆಗಳ ಇಂಗ್ಲಿಷ್ ಮೂಲವನ್ನು ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಕನ್ನಡ ಅನುವಾದದ ಹಕ್ಕು ಮಾತ್ರ ಬೇರೆ. ಅದನ್ನು ಅನುಮತಿಯಿಲ್ಲದೆ ಜೆರಾಕ್ಸ್ ಮಾಡಿಸಬೇಡ.

ಎನ್. ನರಸಿಂಹಯ್ಯನವರಂಥವರ ಹಳೆಯ ಕಾದಂಬರಿಗಳನ್ನು ಖಂಡಿತ ಓದಿಸು, ಕನ್ನಡದಲ್ಲಿ ಸಾವಿರಾರು ಜನರಿಗೆ ಓದಿನ ಚಟ ಹತ್ತಿಸಿದ್ದು ಆ ಪುಸ್ತಕಗಳೇ. ಆದರೆ ಕೈಯಿಂದ ಕೈಗೆ ದಾಟಿ ಸವೆದ ಪ್ರತಿಯಾದರೆ ಹಂಚುವ ಮೊದಲು ಕೊನೆಯ ಹಾಳೆಗಳು ಇವೆಯೇ ಎಂದು ನೋಡಿಕೋ. ಅಂಚುಗಳನ್ನೂ ನೋಡು. ಮೂರನೇ ಅಧ್ಯಾಯದಲ್ಲೇ ಯಾರಾದರೂ 'ಇವನೇ ಕೊಲೆಗಾರ' ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದರೆ ಆ ಪ್ರತಿ ಬಳಗಕ್ಕೆ ನಿರುಪಯೋಗಿ.

ಒಂದು ಪುಸ್ತಕಕ್ಕೆ ಎರಡು ಸಭೆ ಇಟ್ಟುಕೋ. ಮೊದಲನೆಯದಕ್ಕೆ ಎಲ್ಲರೂ ಪತ್ತೇದಾರನಿಗೆ ಉತ್ತರ ಹೊಳೆಯುವ ಅಧ್ಯಾಯದ ಹಿಂದಿನವರೆಗೆ ಓದಿ ನಿಲ್ಲಿಸಿ ಬರಬೇಕು. ಆ ಗಡಿಯನ್ನು ನೀನೇ ಮುಂಚೆ ಪೂರ್ತಿ ಓದಿ ಗೊತ್ತುಮಾಡು, ಸೂಚನಾ ಫಲಕದಲ್ಲಿ ಅಧ್ಯಾಯದ ಸಂಖ್ಯೆಯನ್ನೇ ಹಾಕು. ಮುದ್ರಣ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ, ಪುಟ ನಂಬಿಕೊಂಡವರು ಗಡಿ ದಾಟಿ ಓದಿಬಿಡುತ್ತಾರೆ.

ಸಭೆ ಕೂಡಿದ ತಕ್ಷಣ, ಯಾರೂ ಮಾತು ಶುರು ಮಾಡುವ ಮೊದಲೇ, ಒಬ್ಬೊಬ್ಬರಿಗೂ ಒಂದು ಚೀಟಿ ಕೊಡು. ಯಾರು ಮಾಡಿದ್ದು, ಯಾಕೆ, ಯಾವ ಸಾಲು ಓದಿ ಅನುಮಾನ ಬಂತು, ಈ ಮೂರನ್ನೇ ಬರೆಯಲಿ. ಮಾತಿನ ನಂತರ ಬರೆಸಿದರೆ ಪ್ರಯೋಜನವಿಲ್ಲ, ಗಟ್ಟಿ ದನಿಯವರ ಊಹೆ ಎಲ್ಲರ ಚೀಟಿಯಲ್ಲೂ ಕಾಣುತ್ತದೆ. ಆ ಪುಸ್ತಕ ಮೊದಲೇ ಓದಿದವರು ಇದ್ದೇ ಇರುತ್ತಾರೆ. ಅವರಿಗೆ ಚೀಟಿ ಬೇಡ, ಉಳಿದವರ ಊಹೆಗಳನ್ನು ಟಿಪ್ಪಣಿ ಮಾಡಿಕೊಳ್ಳುವ ಕೆಲಸ ಕೊಡು. ಕೈಗೆ ಕೆಲಸವಿದ್ದರೆ ಗುಟ್ಟು ಬಾಯಿಂದ ಜಾರುವುದು ಕಡಿಮೆ.

ಎರಡನೇ ಸಭೆಯಲ್ಲಿ ಕೊನೆಯವರೆಗೆ ಓದಿದವರ ಎದುರು ಚೀಟಿ ಬಿಚ್ಚು. ನಿನ್ನ ಕಲಿಕೆ ಇರುವುದು ಇಲ್ಲಿ, ಗಮನವಿಟ್ಟು ನೋಡು. ಹತ್ತರಲ್ಲಿ ಎಂಟು ಜನ ಒಂದೇ ಸಾಲು ಹಿಡಿದು ಸರಿಯಾಗಿ ಹೇಳಿದ್ದರೆ ಆ ಸುಳಿವು ಅಂಗಳದಲ್ಲೇ ಬಿದ್ದಿತ್ತು. ಸರಿಯಾಗಿ ಹೇಳಿಯೂ ಕಾರಣದ ಜಾಗದಲ್ಲಿ 'ತುಂಬಾ ಒಳ್ಳೆಯವನ ಹಾಗಿದ್ದಾನೆ, ಅದಕ್ಕೇ' ಎಂದಿದ್ದರೆ ಅವರು ಓದಿದ್ದು ಸಾಕ್ಷ್ಯವನ್ನಲ್ಲ, ಲೇಖಕರ ಅಭ್ಯಾಸವನ್ನು. ಪಾತ್ರಕ್ಕೆ ಕತೆಯಲ್ಲಿ ಬೇರೆ ಕೆಲಸವೇ ಇಲ್ಲದಿದ್ದಾಗ ಹೀಗಾಗುತ್ತದೆ. ಯಾರಿಗೂ ಸಿಗದಿದ್ದರೆ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ ಸುಳಿವು ಹುಡುಕಿಸು. ಸಿಕ್ಕರೆ ಅದು ಕುಶಲತೆ. ಎಲ್ಲೂ ಸಿಗದಿದ್ದರೆ ಲೇಖಕರು ಓದುಗರಿಗೆ ಮೋಸ ಮಾಡಿದ್ದಾರೆ, ಅದನ್ನು ಮೋಸ ಎಂದೇ ಕರೆಯಬೇಕು. ಓದುಗರ ಎದುರು ನ್ಯಾಯವಾಗಿ ಆಡಬೇಕೆಂದು ಇಂಗ್ಲಿಷ್ ಪತ್ತೇದಾರಿ ಕತೆಗಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ಕಟ್ಟಳೆಗಳನ್ನು ಬರೆದ. ಅವನ್ನು ಕಟ್ಟಳೆಯಾಗಿ ಪಾಲಿಸಬೇಕಿಲ್ಲ, ಚರ್ಚೆಗೆ ಪ್ರಶ್ನೆಗಳಾಗಿ ಇಟ್ಟುಕೊಂಡರೆ ಸಾಕು.

ಸಿಕ್ಕ ಸುಳಿವು ಎಲ್ಲಿ ಅಡಗಿತ್ತು ಅನ್ನುವುದನ್ನೂ ಬರೆದಿಡು. ಸಾಮಾನುಗಳ ಪಟ್ಟಿಯ ನಡುವೆ ಇತ್ತೇ, ಬಾಗಿಲು ಬಡಿದ ಸದ್ದಿನ ಹಿಂದಿನ ಸಾಲಿನಲ್ಲೇ, ಯಾರೂ ನಂಬದ ಪಾತ್ರದ ಬಾಯಲ್ಲೇ? ಪ್ರತಿ ಪುಸ್ತಕದ ಚೀಟಿಗಳನ್ನು ಒಂದು ಲಕೋಟೆಗೆ ಹಾಕಿ ಇಟ್ಟುಕೋ. ಏಳೆಂಟು ಲಕೋಟೆ ಕೂಡಿದ ಮೇಲೆ ಒಟ್ಟಿಗೆ ಬಿಚ್ಚಿ ನೋಡಿದರೆ ನಿಮ್ಮೂರ ಓದುಗರು ಎಲ್ಲಿ ಎಡವುತ್ತಾರೆ ಅನ್ನುವುದು ಕಾಣತೊಡಗುತ್ತದೆ.

ಬಳಗದಲ್ಲಿ ವಕೀಲರೋ ನಿವೃತ್ತ ಪೊಲೀಸರೋ ಇದ್ದರೆ ಅದು ಭಾಗ್ಯ. ನಮ್ಮ ಹಲವು ಕಾದಂಬರಿಗಳು ಠಾಣೆಯಲ್ಲಿ ಆರೋಪಿ ತಪ್ಪೊಪ್ಪಿಕೊಳ್ಳುವುದರೊಂದಿಗೆ ಮುಗಿಯುತ್ತವೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎಂಬುದು ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 23ನೇ ಕಲಂ. ಹೇಳಿಕೆಯಿಂದಾಗಿ ಒಂದು ವಸ್ತು ಪತ್ತೆಯಾದರೆ ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತಿಗೆ ಮಾತ್ರ ಬೆಲೆ. ಹಾಗಾಗಿ ಸ್ಥಳದಲ್ಲಿ ಬರೆದ ಮಹಜರು, ಅದಕ್ಕೆ ಸಾಕ್ಷಿಯಾದ ಪಂಚರು, ಜಪ್ತಿ ಮಾಡಿದ ವಸ್ತು ಇವುಗಳ ಮೇಲೆ ಕತೆಯ ಕೊನೆ ನಿಲ್ಲಬೇಕು. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದೂ ಕಡ್ಡಾಯ. ಇಂದಿನ ಕತೆಯಲ್ಲಿ ಇನ್‌ಸ್ಪೆಕ್ಟರ್ ಒಬ್ಬನೇ ಹೋಗಿ ಚಾಕು ಎತ್ತಿಕೊಂಡು ಬಂದರೆ ವಕೀಲರು ಪುಸ್ತಕ ಮುಚ್ಚಿಡುತ್ತಾರೆ. ಹಾಗೆಂದು ಇಡೀ ಸಭೆ ಕಾನೂನಿನ ಪಾಠವಾಗದಿರಲಿ, ಹತ್ತು ನಿಮಿಷ ಸಾಕು. ವಿಚಾರಣೆಯಲ್ಲಿರುವ ಊರಿನ ನಿಜ ಪ್ರಕರಣದ ಮಾತು ಎದ್ದರೆ ಮಾತ್ರ ಅಲ್ಲೇ ತಡೆ. ಆ ಮನೆಯವರೂ ಅದೇ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರು.

ನಿನ್ನ ಹಸ್ತಪ್ರತಿಯನ್ನು ಮೊದಲ ಆರು ತಿಂಗಳು ಬಳಗಕ್ಕೆ ತರಬೇಡ. ಆಮೇಲೆ ತಂದರೂ ಹೆಸರು ಹಾಕದೆ, ಗುಟ್ಟು ಬಿಡಿಸುವ ಭಾಗ ಬಿಟ್ಟು, ಗ್ರಂಥಪಾಲಕರ ಕೈಯಿಂದ ಕೊಡಿಸು. ಚೀಟಿಗಳು ಬಂದ ಮೇಲೆ ಯಾರ ಊಹೆಗೂ ಸಮಜಾಯಿಷಿ ಕೊಡಲು ಹೋಗದೆ ಮನೆಗೆ ಬಂದು, ಅವರು ತೋರಿಸಿದ ಸಾಲುಗಳನ್ನು ತೆಗೆದು ಓದು.

ಮೊದಲು ಯಾವ ಪುಸ್ತಕ ಆರಿಸಿದೆ ಎಂದು ಬರೆ.

ನಿನ್ನ ಅಣ್ಣ